ಡಾಕ್ಟರ್ ಬೋಯ್ಸನ್ನರ ಶನಿವಾರದ ತರಗತಿ

ಕಳೆದ ಮಾರ್ಚಿನಲ್ಲಿ ನಮ್ಮ ಮನೆಯ ಮೇಲಿನ ಅಂತಸ್ತಿನ ಡಾಕ್ಟರ್ ಬೋಯ್ಸನ್ ತೀರಿಕೊಂಡರು. ಊರಿನ ಪತ್ರಿಕೆ ಅವರ ಬಗ್ಗೆ ನಾಲ್ಕು ಸಾಲು ಬರೆಯಿತು. ನಾಲ್ಕರಲ್ಲಿ ಮೂರು ತಪ್ಪು. 'ಪ್ರೊಫೆಸರ್' ಎಂದು ಹಾಕಿದ್ದರು. ಅವರು ಯಾವತ್ತೂ ಪ್ರೊಫೆಸರ್ ಆಗಿರಲಿಲ್ಲ. 'ಗ್ರೀಕ್ ಭಾಷೆಯ ಬಗ್ಗೆ ಅನೇಕ ಗ್ರಂಥಗಳನ್ನು ರಚಿಸಿದ್ದಾರೆ' ಎಂದು ಹಾಕಿದ್ದರು, ಒಂದನ್ನೂ ರಚಿಸಲಿಲ್ಲ. 'ನಮ್ಮ ಊರಿನ ಸುಪುತ್ರ' ಎಂದೂ ಇತ್ತು. ಅವರು ಉತ್ತರದ ಕಡಲಿನ ಒಂದು ದ್ವೀಪದವರು, ಊಟದ ಜೊತೆಗೂ ಟೀ ಕುಡಿಯುವ ಜನ. ಹೆಸರು ಮಾತ್ರ ಸರಿಯಾಗಿತ್ತು: ಮೊಮ್ಮೆ ಬೋಯ್ಸನ್. ನಾನು ಪತ್ರಿಕೆಯ ಕಚೇರಿಗೇ ಹೋಗಿ ತಪ್ಪು ತಿದ್ದಿ ಎಂದೆ. ಮೇಜಿನ ಹಿಂದಿದ್ದವನು, "ಸತ್ತವರ ಬಗ್ಗೆ ಒಳ್ಳೇ ಮಾತು ತಾನೆ, ಇರ್ಲಿ ಬಿಡಿ" ಎಂದ. ಯಾಕೆ ಇರಬೇಕು? ಅವರು ಬದುಕಿದ್ದಿದ್ದರೆ ಆ ಮೂರು ಸಾಲನ್ನು ಹೊಡೆದುಹಾಕಿ ಸಂತೋಷವಾಗಿ ಮನೆಗೆ ಬರುತ್ತಿದ್ದರು. ಆದ್ದರಿಂದ ಸರಿಯಾದದ್ದನ್ನು ನಾನೇ ಬರೆಯುತ್ತೇನೆ.

ನಾನು ರೋಸೀನೆ ನೇಗೆಲೆ. ನೆಕರ್ ನದಿಯ ದಂಡೆಯ ಈ ಊರಿನಲ್ಲೇ ಹುಟ್ಟಿ, ಇಲ್ಲಿಯ ಬೇಕರಿಯವನನ್ನೇ ಮದುವೆಯಾಗಿ, ಇಲ್ಲೇ ವಿಧವೆಯಾದವಳು. ನಮ್ಮ ಮನೆಗೆ ಮೂರು ಅಂತಸ್ತು. ಕೆಳಗೆ ಗಾಟ್‌ಹಿಲ್ಫ್ ಬೌಷ್, ಬಿಯರ್ ಕಾರ್ಖಾನೆಯ ಗಾಡಿ ಓಡಿಸಿ ನಿವೃತ್ತನಾದವನು. ಅವನ ಹೆಂಡತಿಯೂ ತೀರಿಕೊಂಡಿದ್ದಳು. ನಡುವೆ ನಾನು. ಮೇಲಿನ ಎರಡು ಕೋಣೆಗೆ ಐವತ್ತೇಳರಲ್ಲಿ ಡಾಕ್ಟರ್ ಬೋಯ್ಸನ್ ಬಂದರು. ಕಾಯಿಲೆಯ ಡಾಕ್ಟರಲ್ಲ, ಪುಸ್ತಕದ ಡಾಕ್ಟರು. ಕೈಯಲ್ಲಿ ಎರಡು ಪೆಟ್ಟಿಗೆ ಇದ್ದವು. ಒಂದರಲ್ಲಿ ಪುಸ್ತಕ ಇದ್ದವು, ಇನ್ನೊಂದರಲ್ಲಿಯೂ ಪುಸ್ತಕವೇ ಇದ್ದವು. ಬಟ್ಟೆಯನ್ನು ಮೈಮೇಲೆ ಹಾಕಿಕೊಂಡು ಬಂದಿದ್ದರು.

ನಮ್ಮ ಕಡೆ ಮೆಟ್ಟಿಲು ಗುಡಿಸುವುದು ಸರದಿಯ ಕೆಲಸ. ಯಾರ ವಾರವೋ ಅವರ ಬಾಗಿಲಿಗೆ ಒಂದು ಮರದ ಹಲಗೆ ತೂಗುತ್ತದೆ. ಅವರು ಶನಿವಾರ ಮೆಟ್ಟಿಲು, ಕಟಾಂಜನ, ಕಿಟಕಿಯ ಕಟ್ಟೆ, ಮುಂದಿನ ಕಾಲುದಾರಿ ಎಲ್ಲವನ್ನೂ ಚೊಕ್ಕ ಮಾಡಿ ಹಲಗೆಯನ್ನು ಮುಂದಿನವರ ಬಾಗಿಲಿಗೆ ಸಿಕ್ಕಿಸಬೇಕು. ಶುಕ್ರವಾರವೇ ಗುಡಿಸಿ ಮುಗಿಸುವವರೂ ಇದ್ದಾರೆ, ಬೌಷ್ ಅಂಥವನು, ಅಂಥವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಕೊಲೆ ಮಾಡಿದವನನ್ನು ಈ ಊರು ಕಾಲಕ್ರಮೇಣ ಕ್ಷಮಿಸೀತು. ಹಲಗೆ ತೂಗುತ್ತಿದ್ದಾಗ ಪೊರಕೆ ಮುಟ್ಟದವನನ್ನು ಕ್ಷಮಿಸುವುದಿಲ್ಲ. ಡಾಕ್ಟರರ ಮೊದಲ ಸರದಿ ಬಂದಾಗ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವರು ಕೆಳಗಿನಿಂದ ಮೇಲಕ್ಕೆ ಗುಡಿಸುತ್ತಿದ್ದರು.

"ಡಾಕ್ಟರೇ, ಇದೇನ್ರೀ ಮಾಡ್ತಿದ್ದೀರಿ?"

"ಗುಡಿಸ್ತಿದ್ದೀನಿ, ಫ್ರೌ ನೇಗೆಲೆ."

"ಕೆಳಗಿಂದ ಮೇಲಕ್ಕಾ?"

"ಮೊದಲ್ನೇ ಮೆಟ್ಟಿಲಿಂದ ಶುರು ಮಾಡಿದೆ. ಮೊದಲ್ನೇದು ಸರಿಯಾಗದೆ ಎರಡನೇದಕ್ಕೆ ಹೋಗೋದು ಹೇಗೆ?"

"ಮತ್ತೆ ಮೇಲಿನ ಕಸ ಎಲ್ಲಿಗೆ ಬೀಳುತ್ತೆ?"

ಅವರು ಮೇಲೆ ನೋಡಿದರು, ಕೆಳಗೆ ನೋಡಿದರು. "ಇದು ಯೋಚನೆ ಮಾಡಬೇಕಾದ ಪ್ರಶ್ನೆ" ಎಂದು ಪೊರಕೆ ಹಿಡಿದು ನಿಂತು ಯೋಚಿಸತೊಡಗಿದರು. ಅಷ್ಟರಲ್ಲಿ ನಾನೇ ಗುಡಿಸಿ ಮುಗಿಸಿದೆ.

ಅವರ ಕೆಲಸ ಹಳೆಯ ಗ್ರೀಕ್. ಅದರಲ್ಲೂ ಒಬ್ಬನೇ ಒಬ್ಬ ನಾಟಕಕಾರ. ಅವನು ಎರಡು ಸಾವಿರ ಚಿಲ್ಲರೆ ವರ್ಷದ ಹಿಂದೆ ನಗೆ ನಾಟಕ ಬರೆದನಂತೆ. ನಾಟಕಗಳು ಉಳಿದಿಲ್ಲ. ನಾಟಕಗಳ ಹೆಸರೂ ಉಳಿದಿಲ್ಲ. ಬೇರೆಯವರು ತಮ್ಮ ಪುಸ್ತಕಗಳಲ್ಲಿ 'ಅವನು ಹೀಗೆಂದ' ಎಂದು ಅಲ್ಲಿಷ್ಟು ಇಲ್ಲಿಷ್ಟು ಎತ್ತಿ ಹೇಳಿದ ಸಾಲುಗಳು ಮಾತ್ರ ಇವೆ. ಡಾಕ್ಟರ್ ಬೋಯ್ಸನ್ ಈ ಊರಿಗೆ ಬಂದಾಗ ಅಂಥವು ಅರವತ್ತರ ಹತ್ತಿರ ಇದ್ದವು. ಅವುಗಳಲ್ಲಿ ಯಾವುದು ನಿಜವಾಗಿ ಅವನದು, ಯಾವುದು ಬೇರೆಯವರು ಆಮೇಲೆ ತುರುಕಿದ್ದು ಎಂದು ತೀರ್ಮಾನಿಸುವುದು ಇವರ ಜೀವಮಾನದ ಕೆಲಸ. ಕೆಲಸ ಚೆನ್ನಾಗಿ ನಡೆದ ದಿನ ಸಂಜೆ ನಗುಮುಖದಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದರು.

"ಇವತ್ತು ಒಂದು ಹೋಯ್ತು, ಫ್ರೌ ನೇಗೆಲೆ."

"ಅಯ್ಯೋ, ಪಾಪ."

"ಪಾಪ ಏನಿಲ್ಲ. ಅದು ಅವನದಲ್ಲವೇ ಅಲ್ಲ. ಮುನ್ನೂರು ವರ್ಷ ಆದಮೇಲೆ ಯಾವನೋ ಮೇಷ್ಟ್ರು ಸೇರಿಸಿದ್ದು."

ಒಬ್ಬನ ಆಸ್ತಿಯನ್ನು ಇಷ್ಟು ಪ್ರೀತಿಯಿಂದ ಕರಗಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ವರ್ಷಕ್ಕೊಂದೋ ಎರಡೋ ಸಾಲು ಹೋಗುತ್ತಲೇ ಇತ್ತು. ಬೌಷ್‌ಗೆ ಇದರಿಂದ ಕಳವಳ.

"ಹಿಂಗೇ ಹೋದ್ರೆ ಕಡೇಗೆ ಏನು ಉಳೀತದೆ ಡಾಕ್ಟ್ರೇ?"

"ಉಳಿಯೋದು ಉಳಿಯುತ್ತೆ, ಹೆರ್ ಬೌಷ್. ಅವನದು ಅಂತ ಹೇಳೋಕೆ ಬರೋದು ಅದೊಂದೇ."

ಅವರು ಮದುವೆಯಾಗಲಿಲ್ಲ. "ಡಾಕ್ಟ್ರಿಗೊಂದು ಹೆಣ್ಣು ನೋಡ್ರೀ ನೇಗೆಲೆ" ಎಂದು ಬೌಷ್ ನನ್ನನ್ನು ಚುಚ್ಚುತ್ತಿದ್ದ. "ಅವರು ಹೆಣ್ಣು ನೋಡೋಕೆ ಹೋದ್ರೆ ಮೊದಲು ಅಸಲಿಯೋ ನಕಲಿಯೋ ಅಂತ ಹತ್ತು ವರ್ಷ ಪರೀಕ್ಷೆ ಮಾಡ್ತಾರೆ, ನಿಮಗ್ಯಾಕೆ ಆ ಉಸಾಬರಿ?" ಎನ್ನುತ್ತಿದ್ದೆ. ಇದನ್ನು ಡಾಕ್ಟರ್ ಒಮ್ಮೆ ಕೇಳಿಸಿಕೊಂಡರು. ಹತ್ತು ವರ್ಷ ಸಾಲದು ಎಂದರು.

ಪ್ರೊಫೆಸರ್ ಯಾಕಾಗಲಿಲ್ಲ ಎನ್ನುವುದಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಒಂದು ವಿಶ್ವವಿದ್ಯಾಲಯ ತಾನೇ ಬೆಳೆಸಿದವನನ್ನು ತಾನೇ ಪ್ರೊಫೆಸರ್ ಮಾಡುವುದಿಲ್ಲ, ಬೇರೆ ಊರಿನವರು ಕರೆಯಬೇಕು. ಕರೆಯುವ ಮೊದಲು ಒಂದು ಗಂಟೆ ಉಪನ್ಯಾಸ ಕೊಡಿಸಿ ನೋಡುತ್ತಾರೆ. ಡಾಕ್ಟರನ್ನು ಎರಡು ಊರಿನವರು ಕರೆದರು. ಮೊದಲನೆಯ ಊರಿನಲ್ಲಿ ಗಂಟೆ ಮುಗಿದಾಗ ಅವರು ಮೊದಲ ಸಾಲಿನ ಮೊದಲ ಪದದಲ್ಲಿದ್ದರು. ಎರಡನೆಯ ಊರಿನಲ್ಲಿ, ಅದರಿಂದ ಪಾಠ ಕಲಿತು, ಎರಡನೆಯ ಪದದವರೆಗೆ ಹೋದರು. ಆಮೇಲೆ ಯಾರೂ ಕರೆಯಲಿಲ್ಲ.

ಹಾಗಾಗಿ ಅವರಿಗೆ ಇದ್ದದ್ದು ಪಾಠ ಮಾಡುವ ಅನುಮತಿ ಮಾತ್ರ. ಅದಕ್ಕೆ ಸಂಬಳವಿಲ್ಲ. ಹೊಟ್ಟೆಪಾಡಿಗೆ ಸಂಜೆ ಶಾಲೆಯಲ್ಲಿ ಲ್ಯಾಟಿನ್ ಹೇಳಿಕೊಡುತ್ತಿದ್ದರು, ಒಂದು ಮುದ್ರಣಾಲಯಕ್ಕೆ ಕರಡು ತಿದ್ದುತ್ತಿದ್ದರು. ಆದರೆ ಆ ಅನುಮತಿ ಉಳಿಯಬೇಕಾದರೆ ವಿಶ್ವವಿದ್ಯಾಲಯದಲ್ಲಿ ಪ್ರತಿ ವರ್ಷ ಒಂದು ತರಗತಿಯನ್ನು ಪುಕ್ಕಟೆ ನಡೆಸಬೇಕು. ಅಂದರೆ ಪುಕ್ಕಟೆ ದುಡಿಯದಿದ್ದರೆ ಪುಕ್ಕಟೆ ದುಡಿಯುವ ಹಕ್ಕು ಹೋಗುತ್ತದೆ. "ಹೋದ್ರೆ ಹೋಗ್ಲಿ ಬಿಡ್ರೀ ಡಾಕ್ಟ್ರೇ, ಶನಿ ತೊಲಗ್ತು" ಎಂದಿದ್ದ ಬೌಷ್. ಆಗ ಡಾಕ್ಟರ್ ಜೇಬಿನಿಂದ ಒಂದು ಬೀಗದ ಕೈ ತೆಗೆದು ತೋರಿಸಿದರು. ಗ್ರೀಕ್ ವಿಭಾಗದ ಪುಸ್ತಕದ ಕೋಣೆಯದು. ಅವರಿಗೆ ಬೇಕಾದ ಪುಸ್ತಕಗಳು ಅಲ್ಲಿ ಬಿಟ್ಟರೆ ಈ ಸೀಮೆಯಲ್ಲೆಲ್ಲೂ ಇಲ್ಲ, ಹೊರಗೆ ಕೊಡುವುದೂ ಇಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಅವರು ಇಪ್ಪತ್ತು ವರ್ಷದ ಮೇಲಾಗಿ ಕೂತಿದ್ದರು. ಅನುಮತಿ ಹೋದರೆ ಬೀಗದ ಕೈ ಒಪ್ಪಿಸಬೇಕು. ಬೀಗದ ಕೈ ಹೋದರೆ ಕೆಲಸ ಅಲ್ಲಿಗೇ ನಿಂತಿತು. ಇಷ್ಟೇ ವಿಷಯ.

ಎಂಬತ್ತೊಂದರ ಬೇಸಿಗೆಯಲ್ಲಿ ಆ ಬೀಗದ ಕೈಗೆ ಕುತ್ತು ಬಂತು. ಹೊಸ ಡೀನ್ ಒಬ್ಬರು ಬಂದು, ತರಗತಿ ಎಂದರೆ ಕನಿಷ್ಠ ಮೂವರು ಕೇಳುಗರು ಇರಲೇಬೇಕು ಎಂಬ ಹಳೆಯ ನಿಯಮಕ್ಕೆ ಧೂಳು ಕೊಡವಿ ನಿಲ್ಲಿಸಿದರು. ಡಾಕ್ಟರರ ತರಗತಿಗೆ ಆ ಸಲ ಬಂದವಳು ಒಬ್ಬಳೇ, ಸಿಗ್ರುನ್ ಎಂಬ, ಪಾದ್ರಿಯಾಗಲು ಓದುತ್ತಿದ್ದ ಹುಡುಗಿ. ಬೇರೆ ತರಗತಿಗಳೆಲ್ಲ ತುಂಬಿದ್ದವಂತೆ. ಆ ಸಂಜೆ ಡಾಕ್ಟರ್ ನನ್ನ ಬಾಗಿಲ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತರು. ಅಷ್ಟು ವರ್ಷದಲ್ಲಿ ಅವರು ಉಪ್ಪು ಕೂಡ ಕೇಳಿ ಬಂದವರಲ್ಲ.

"ಫ್ರೌ ನೇಗೆಲೆ, ಹೊರಗಿನವರೂ ಹೆಸರು ಬರೆಸಿ ತರಗತೀಲಿ ಕೂರಬಹುದು ಅಂತ ನಿಯಮ ಇದೆ."

"ಯಾರು ಕೂರಬೇಕು?"

"ನೀವು. ಹೆರ್ ಬೌಷ್ ಕೂಡ, ಅವರಿಗೆ ಬಿಡುವಿದ್ರೆ."

"ನನಗೆ ಗ್ರೀಕ್ ಬರಲ್ಲ ಡಾಕ್ಟರೇ."

"ಬರೋರು ಬರ್ತಾ ಇಲ್ಲ" ಎಂದರು.

ಬೌಷ್‌ಗೆ ಬಿಡುವು ಎಷ್ಟಿತ್ತೆಂದರೆ ಅವನು ದಾರಿಹೋಕರ ನಾಯಿಗಳನ್ನು ಮಾತಾಡಿಸುತ್ತಾ ದಿನ ಕಳೆಯುತ್ತಿದ್ದ. ತಕ್ಷಣ ಒಪ್ಪಿದ. ನನ್ನ ತೊಡಕು ಬೇರೆ. ತರಗತಿ ಶನಿವಾರ ಹತ್ತು ಗಂಟೆಗೆ. ಬೇರೆ ಯಾವ ಹೊತ್ತಿಗೂ ಅವರಿಗೆ ಕೋಣೆ ಕೊಟ್ಟಿರಲಿಲ್ಲ. ಮೂರು ವಾರಕ್ಕೊಮ್ಮೆ ಶನಿವಾರ ನನ್ನ ಬಾಗಿಲಿಗೆ ಹಲಗೆ ತೂಗುತ್ತದೆ. ಹಲಗೆ ಬಿಟ್ಟು ಬರಲಾರೆ ಎಂದು ಸ್ಪಷ್ಟವಾಗಿ ಹೇಳಿದೆ. ಅವರು ನನ್ನ ಸರದಿಯ ಶನಿವಾರಗಳಲ್ಲಿ ಬೆಳಿಗ್ಗೆ ಬೇಗ ಎದ್ದು ತಾವೇ ಮೆಟ್ಟಿಲು ಗುಡಿಸುವುದಾಗಿ ಮಾತು ಕೊಟ್ಟರು. ಮೇಲಿನಿಂದ ಕೆಳಕ್ಕೆ ಎಂದು ನಾನು ಸೇರಿಸಿದೆ. ಮೇಲಿನಿಂದ ಕೆಳಕ್ಕೆ ಎಂದು ಒಪ್ಪಿಕೊಂಡರು.

ಹೀಗೆ ನಾನು ವಿಶ್ವವಿದ್ಯಾಲಯಕ್ಕೆ ಸೇರಿದೆ. ಚರ್ಚಿನ ಟೋಪಿ ಹಾಕಿಕೊಂಡು ಹೋಗುತ್ತಿದ್ದೆ. ಕೋಣೆಯ ಮೂಲೆಯಲ್ಲಿ ಮೂಗಿಲ್ಲದ ಒಂದು ಗ್ರೀಕ್ ತಲೆ ಇತ್ತು, ಅದರ ಮೇಲೆ ಬೆರಳಿನಷ್ಟು ಧೂಳು. ಮೊದಲ ದಿನವೇ ಒರೆಸಿದೆ. ಅಲ್ಲಿ ಹತ್ತು ಗಂಟೆ ಎಂದರೆ ಹತ್ತೂಕಾಲು. ಹತ್ತೂಕಾಲಾದರೂ ಮೇಷ್ಟ್ರು ಬರದಿದ್ದರೆ ಹುಡುಗರು ಎದ್ದು ಹೋಗಬಹುದು, ಅದು ಎಲ್ಲರೂ ಒಪ್ಪಿದ ಪದ್ಧತಿ. ಡಾಕ್ಟರ್ ಹತ್ತೂಕಾಲಿಗೆ ಸರಿಯಾಗಿ ಒಳಗೆ ಬಂದು, ನಮಗೆ ಮೂವರಿಗೂ ಒಂದೊಂದು ಸಲ ತಲೆಬಾಗಿ, ಒಂದು ಸಾಲನ್ನು ಕಪ್ಪು ಹಲಗೆಯ ಮೇಲೆ ಬರೆದು, ಮುಕ್ಕಾಲು ಗಂಟೆ ಅದರ ಬಗ್ಗೆ ಮಾತಾಡುತ್ತಿದ್ದರು. ಸಿಗ್ರುನ್ ಬರೆದುಕೊಳ್ಳುತ್ತಿದ್ದಳು. ಬೌಷ್ ಮೊದಲ ಐದು ನಿಮಿಷ ಕಣ್ಣರಳಿಸಿ ಕೂತು, ಆಮೇಲೆ ನಿದ್ದೆ ಹೋಗುತ್ತಿದ್ದ. ಗೊರಕೆ ಬಂದರೆ ತಿವಿಯುವ ಕೆಲಸ ನನ್ನದು. ನಾನು ಹೆಣಿಗೆ ಹಾಕುತ್ತಿದ್ದೆ. ಅದಕ್ಕೆ ಅವರ ಅಭ್ಯಂತರವಿರಲಿಲ್ಲ.

ಒಂದು ಶನಿವಾರ ಬರೆದ ಸಾಲು ನನಗೆ ಹಿಡಿಸಿತು. ಒಬ್ಬ ಮುದುಕಿ ಯಾರಿಗೋ ಹೇಳುತ್ತಾಳೆ: 'ಮಡಕೆ ಎಲ್ಲಿದೆ ಅಂತ ನನ್ನನ್ನು ಕೇಳಬೇಡ.' ಅಷ್ಟೇ. ಮಡಕೆಯಲ್ಲಿ ಏನಿತ್ತು, ಯಾರು ಕೇಳಿದರು, ಮುಂದೇನಾಯಿತು, ಯಾರಿಗೂ ಗೊತ್ತಿಲ್ಲ. ನೂರಾರು ವರ್ಷದಿಂದ ಪಂಡಿತರು ಇದರ ಮೇಲೆ ಜಗಳವಾಡಿದ್ದಾರಂತೆ. ನಾನು ಹೆಣಿಗೆ ಕೆಳಗಿಟ್ಟೆ.

"ಇದರಲ್ಲಿ ಜಗಳ ಏನು ಬಂತು ಡಾಕ್ಟರೇ? ಸೊಸೆ ಬಂದಿದ್ದಾಳೆ, ಅದಕ್ಕೆ ಅತ್ತೆ ಒಳ್ಳೇ ಮಡಕೆ ಬಚ್ಚಿಟ್ಟಿದ್ದಾಳೆ."

ಅವರು ನನ್ನ ಮಾತನ್ನು ಬರೆದುಕೊಂಡರು. "ಪರೀಕ್ಷೆ ಮಾಡಿ ಹೇಳ್ತೀನಿ" ಎಂದರು. ಬುಧವಾರ ಸಂಜೆ ನನ್ನ ಬಾಗಿಲು ಬಡಿದರು.

"ಫ್ರೌ ನೇಗೆಲೆ, ನಿಮ್ಮ ಊಹೆ ತಪ್ಪು."

"ಆಯ್ತು ಬಿಡಿ."

"ಆದ್ರೆ ನೂರು ವರ್ಷದ ಹಿಂದೆ ಲೈಪ್ಜಿಗ್‌ನ ಒಬ್ಬ ಪ್ರೊಫೆಸರ್ ಕೂಡ ಇದೇ ತಪ್ಪು ಮಾಡಿದ್ರು. ಅವರಿಗೆ ಅದಕ್ಕೆ ನಲವತ್ತು ಪುಟ ಬೇಕಾಯ್ತು."

ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಮಾರನೆಯ ದಿನ ಬೇಕರಿಯಲ್ಲಿ, ಮಾಂಸದಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ ಈ ವಿಷಯ ತಾನಾಗಿಯೇ ಮಾತಿಗೆ ಬಂತು.

ಜೂನ್ ಕೊನೆಗೆ ಡೀನ್ ಕಚೇರಿಯಿಂದ ಸುದ್ದಿ ಬಂತು: ಬರುವ ಶನಿವಾರ ಒಬ್ಬರು ಬಂದು ತರಗತಿಯನ್ನು ನೋಡಿ ಹೋಗುತ್ತಾರೆ. ಮೂವರಿದ್ದರೆ ಸರಿ, ಇಲ್ಲದಿದ್ದರೆ ಅನುಮತಿ ರದ್ದು. ಡಾಕ್ಟರ್ ಊಟ ಬಿಟ್ಟರು. ನಾನು ಬೌಷ್‌ನನ್ನು ಶುಕ್ರವಾರ ಬಿಯರ್ ಅಂಗಡಿಗೆ ಹೋಗದಂತೆ ಕಾದೆ; ಅವನ ಕೋಟಿಗೆ ಇಸ್ತ್ರಿ ಹಾಕಿದೆ; ಸಿಗ್ರುನ್‌ಗೆ ಸೈಕಲ್ ಪಂಕ್ಚರ್ ಆಗದಂತೆ ನೋಡಿಕೋ ಎಂದೆ. ಆ ಶನಿವಾರ ಹಲಗೆ ನನ್ನ ಬಾಗಿಲಿಗೆ ತೂಗುತ್ತಿತ್ತು. "ಇವತ್ತೊಂದು ದಿನ ಬಿಡಿ ಡಾಕ್ಟರೇ, ನಾನು ಬಂದು ಮಧ್ಯಾಹ್ನ ಗುಡಿಸ್ತೀನಿ" ಎಂದೆ. ನಾನು, ರೋಸೀನೆ ನೇಗೆಲೆ, ಹೀಗೆ ಹೇಳಿದೆ. ಇದರಿಂದ ಪರಿಸ್ಥಿತಿ ಎಷ್ಟು ಗಂಭೀರವಿತ್ತೆಂದು ತಿಳಿದುಕೊಳ್ಳಿ.

"ಮಾತು ಕೊಟ್ಟಿದ್ದೀನಿ" ಎಂದರು. ಏಳೂವರೆಗೆ ಬಕೆಟ್ಟು ತುಂಬಿಕೊಂಡು ಮೇಲಿನ ಮೆಟ್ಟಿಲಲ್ಲಿ ಮಂಡಿಯೂರಿದರು. ಬೇಕಾದಷ್ಟು ಹೊತ್ತಿದೆ ಎಂದು ನಾನೂ ಬೌಷೂ ಒಂಬತ್ತೂವರೆಗೆ ಹೊರಟೆವು. ಅಷ್ಟರಲ್ಲಿ ಅವರು ನನ್ನ ಬಾಗಿಲ ಮುಂದಿನವರೆಗೆ ಇಳಿದಿದ್ದರು, ಇನ್ನರ್ಧ ಗಂಟೆಯ ಕೆಲಸ. ವಿಶ್ವವಿದ್ಯಾಲಯಕ್ಕೆ ನಡೆದರೆ ಹತ್ತು ನಿಮಿಷ.

ಕೋಣೆಯಲ್ಲಿ ಸಿಗ್ರುನ್ ಆಗಲೇ ಕೂತಿದ್ದಳು. ಹತ್ತು ಗಂಟೆಗೆ ಕಚೇರಿಯ ಮನುಷ್ಯ ಬಂದು ಗೋಡೆಗೆ ಒರಗಿ ನಿಂತ. ತೆಳ್ಳಗೆ, ಬಿಳಿಚಿಕೊಂಡು, ಕೆಟ್ಟವನೇನಲ್ಲ. ನಾವು ಮೂವರೂ ಬೆನ್ನು ನೆಟ್ಟಗೆ ಮಾಡಿ ಕೂತೆವು. ಬೌಷ್ ಎಚ್ಚರವಾಗಿದ್ದ, ಹೆದರಿಕೆಗೆ. ಹತ್ತೂಕಾಲಾಯಿತು. ಬಾಗಿಲು ತೆರೆಯಲಿಲ್ಲ. ಹತ್ತೂ ಇಪ್ಪತ್ತಾಯಿತು. ಗೋಡೆಯ ಹತ್ತಿರದವನು ಗಡಿಯಾರ ನೋಡಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಟೋಪಿ ಹಾಕಿಕೊಂಡ.

"ಸ್ವಲ್ಪ ತಡೀರಿ ಸ್ವಾಮಿ, ಈಗ ಬಂದುಬಿಡ್ತಾರೆ" ಎಂದೆ.

"ನಾನು ತಡೆಯೋದು ಬೇಕಿಲ್ಲಮ್ಮ. ಮೂವರು ಇದ್ದೀರಲ್ಲ."

"ಡಾಕ್ಟರು ಬರಬೇಕಲ್ಲ?"

"ಕೇಳೋರನ್ನ ಎಣಿಸಿಕೊಂಡು ಬಾ ಅಂದಿದ್ದಾರೆ. ಹೇಳೋರನ್ನ ಎಣಿಸು ಅಂತ ನನಗೆ ಯಾರೂ ಹೇಳಿಲ್ಲ." ಹೀಗೆಂದು ಶುಭದಿನ ಕೋರಿ ಹೊರಟುಹೋದ.

ಬೌಷ್ ತೊಡೆ ತಟ್ಟಿಕೊಂಡ. "ಗೆದ್ದುಬಿಟ್ವಲ್ರೀ ನೇಗೆಲೆ! ಮೇಷ್ಟ್ರಿಲ್ದೆ ಗೆದ್ವಿ!" ಸಿಗ್ರುನ್ ನಕ್ಕಳು. ನನಗೂ ನಗು ಬಂತು. ಪದ್ಧತಿಯ ಪ್ರಕಾರ ಎದ್ದು ಹೋಗಬಹುದಿತ್ತು. ಆದರೆ ಅವರಿಗೆ ಸಿಹಿಸುದ್ದಿಯನ್ನು ನಾವೇ ಹೇಳಬೇಕೆಂದು ಕೂತೆವು.

ಹನ್ನೊಂದಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಅವರು ಬಂದರು. ತೋಳು ಒದ್ದೆ, ಮಂಡಿ ಒದ್ದೆ, ಉಗುರಿನ ಸಂದಿಯಲ್ಲೆಲ್ಲ ಕಂದು ಮೇಣ. ಆಗಿದ್ದೇನೆಂದರೆ, ನನ್ನ ಬಾಗಿಲ ಮುಂದೆ ನೆಲದ ಮರದ ಹಲಗೆಯ ಮೇಲೆ ಒಂದು ಕಲೆ ಕಂಡರು. ಉಜ್ಜಿದರು. ಕಲೆಯ ಕೆಳಗಿನ ಮೇಣ ಮನೆ ಕಟ್ಟಿದ ಕಾಲದ್ದಲ್ಲ, ಆಮೇಲೆ ಯಾರೋ ಬಳಿದದ್ದು ಎಂದು ಅನುಮಾನ ಬಂತು. ಮೂಲೆಯಲ್ಲಿ ಸ್ವಲ್ಪ ಕೆರೆದರು. ಕೆಳಗೆ ಕೆಂಪು ಬಣ್ಣ. ಕೆಂಪಿನ ಕೆಳಗೆ ಬರೀ ಮರ. ಒಂದು ಹಲಗೆಯನ್ನು ಅರ್ಧಕ್ಕೆ ಬಿಟ್ಟು ಹೋಗುವುದು ಅವರ ಕೈಯಲ್ಲಿ ಆಗಲಿಲ್ಲ. ಕೊನೆಗೆ ಚರ್ಚಿನ ಗಂಟೆ ಹತ್ತೂಮುಕ್ಕಾಲು ಬಾರಿಸಿದಾಗ ಎಚ್ಚರವಾಯಿತು.

ನನಗೆ ಬೈಯಬೇಕೆನಿಸಿತು, ಆದರೆ ಸುದ್ದಿ ಒಳ್ಳೆಯದಿತ್ತಲ್ಲ. ಮೂವರೂ ಒಟ್ಟಿಗೆ ಹೇಳಿದೆವು. ಅವರು ಕೇಳಿ, "ಮೂವರು ಅಂತ ಬರ್ಕೊಂಡ್ರಾ?" ಎಂದರು. "ಮೂವರು ಅಂತ್ಲೇ" ಎಂದ ಬೌಷ್. ಅಷ್ಟರಲ್ಲಿ ಹನ್ನೊಂದರ ತರಗತಿಯ ಹುಡುಗರು ಒಳಗೆ ನುಗ್ಗಿದರು. ಡಾಕ್ಟರ್ ನಮಗೆ ತಲೆಬಾಗಿ ಕ್ಷಮೆ ಕೇಳಿದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಸಂತೋಷಕ್ಕೆ ಬಾಯಿ ಕಟ್ಟಿದೆ ಎಂದು ನಾನು ತಿಳಿದೆ.

ಸೋಮವಾರ ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುತ್ತಿದ್ದ ಹಾಗೆ ಅವರು ಅಲ್ಲಿ ನಿಂತಿದ್ದರು. ಶನಿವಾರದ ತರಗತಿ ನಡೆಯಲಿಲ್ಲ, ನಡೆದಂತೆ ಆಗಿರುವ ದಾಖಲೆ ತಪ್ಪು, ಅದನ್ನು ತೆಗೆಯಬೇಕು ಎಂದರು. ಅಲ್ಲಿದ್ದವರು ಸಮಾಧಾನ ಹೇಳಿದರಂತೆ: ಯಾರೂ ದೂರು ಕೊಟ್ಟಿಲ್ಲ, ಸುಮ್ಮನೆ ಹೋಗಿ ಎಂದು. ಇವರು ಹೋಗಲಿಲ್ಲ. ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂತರು. ಕೊನೆಗೆ ಅವರು ಕೇಳಿದ್ದನ್ನು ಮಾಡಿಕೊಟ್ಟರು. ಮೂವರ ಲೆಕ್ಕವೂ ಅದರ ಜೊತೆಗೇ ಅಳಿಸಿಹೋಯಿತು: ಬರುವ ಶನಿವಾರ ಸೆಮಿಸ್ಟರ್ ಮುಗಿಯುವವರೆಗೆ ಅನುಮತಿ ಇರುತ್ತದೆ, ಆಮೇಲೆ ಇಲ್ಲ.

ಇದು ನನಗೆ ಗೊತ್ತಾದದ್ದು ಸಿಗ್ರುನ್‌ನಿಂದ. ನಾನು ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಹೋದೆ. ಅವರು ಟೀ ಲೋಟ ಮುಂದಿಟ್ಟುಕೊಂಡು ಕೂತಿದ್ದರು.

"ಡಾಕ್ಟರೇ, ನಿಮಗೆ ತಲೆ ನೆಟ್ಟಗಿದೆಯೇನ್ರೀ? ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕ್ಕೊಂಡ್ರಲ್ಲ!"

"ಕೂತ್ಕೊಳ್ಳಿ, ಫ್ರೌ ನೇಗೆಲೆ."

"ಕೂರಲ್ಲ!"

"ನಿಮಗೆ ಮೂವರಿಗೂ ಒಂದು ಪಾಠ ಬಾಕಿ ಇದೆ. ಆ ಕೋಣೆ ಈಗ ಬೇರೆಯವರಿಗೆ ಕೊಟ್ಟಿದ್ದಾರೆ. ಬರೋ ಶನಿವಾರ ನಿಮ್ಮ ಅಡುಗೆಮನೆ ಸಿಗುತ್ತಾ?"

ಇಂಥ ಮನುಷ್ಯನ ಹತ್ತಿರ ಏನು ಜಗಳವಾಡುವುದು? ಸಿಗುತ್ತೆ ಎಂದು ಹೇಳಿ ಬಾಗಿಲನ್ನು ದಢಾರನೆ ಹಾಕಿಕೊಂಡು ಬಂದೆ. ಆ ವಾರವೆಲ್ಲ ನನ್ನ ಮೈ ಉರಿಯುತ್ತಿತ್ತು. ಅವರು ಕಿಟಕಿಯ ಪಕ್ಕದ ಆ ಮೇಜಿನಲ್ಲಿ ಕೂತು ಕೂತು ಗೂನಾದದ್ದನ್ನು ನಾನು ಕಣ್ಣಾರೆ ಕಂಡವಳು. ಶುಕ್ರವಾರ ಅವರು ಪುಸ್ತಕದ ಕೋಣೆಯಿಂದ ತಮ್ಮ ಟೀ ಲೋಟ, ಉಣ್ಣೆಯ ಸ್ವೆಟರು, ಕೂರುವ ದಿಂಬು ಎಲ್ಲವನ್ನೂ ಒಂದು ಚೀಲದಲ್ಲಿ ತಂದರು. ದಿಂಬು ನಾನು ಹೊಲಿದುಕೊಟ್ಟದ್ದು. ಅದನ್ನು ನೋಡಿ ನಾನು ಒಳಗೆ ಹೋಗಿ ಅತ್ತೆ.

ಶನಿವಾರ ಬೌಷ್ ಇಸ್ತ್ರಿಯ ಕೋಟಿನಲ್ಲಿ ಹತ್ತಿ ಬಂದ. ಸಿಗ್ರುನ್ ಬಂದಳು. ಹತ್ತೂಕಾಲಿಗೆ ಡಾಕ್ಟರ್ ಒಳಗೆ ಬಂದು, ಒಲೆಯ ಪಕ್ಕ ನಿಂತು, ನಮಗೆ ಒಬ್ಬೊಬ್ಬರಿಗೂ ತಲೆಬಾಗಿ, ಹೋದ ಶನಿವಾರ ಹೇಳಬೇಕಾಗಿದ್ದ ಪಾಠವನ್ನು ಶುರು ಮಾಡಿದರು. ಅದು ಮಡಕೆಯ ಸಾಲಿನ ಬಗ್ಗೆ. ಮುಕ್ಕಾಲು ಗಂಟೆ ನಿಧಾನವಾಗಿ, ಒಂದೊಂದೇ ಕಾರಣ ಮುಂದಿಟ್ಟು, ಅದು ಆ ನಾಟಕಕಾರನದಲ್ಲ ಎಂದು ತೋರಿಸಿಕೊಟ್ಟರು. ನಾನು ಹೆಣಿಗೆ ಮುಟ್ಟಲಿಲ್ಲ.

"ಹಾಗಾದ್ರೆ ಮಡಕೆ ಹೋಯ್ತಾ?" ಎಂದೆ.

"ಹೋಯ್ತು, ಫ್ರೌ ನೇಗೆಲೆ. ಹತ್ತೊಂಬತ್ತು ಉಳಿದ್ವು."

ಆಮೇಲೆ ಎಷ್ಟು ಹೋದವೋ ಗೊತ್ತಿಲ್ಲ. ಸಾಯುವವರೆಗೂ ಹದಿಮೂರು ವರ್ಷ ಆ ಮನುಷ್ಯ ಮೇಲಿನ ಕೋಣೆಯಲ್ಲಿ, ತಮ್ಮ ಎರಡು ಪೆಟ್ಟಿಗೆ ಪುಸ್ತಕದಲ್ಲಿ ಏನಾಗುತ್ತದೋ ಅಷ್ಟು ಕೆಲಸ ಮಾಡಿದರು. ಆ ಸಾಲುಗಳ ಬಗ್ಗೆ ಬರೆಯುತ್ತಿದ್ದ ಪುಸ್ತಕ ಮುಗಿಯಲಿಲ್ಲ. ಆ ಪುಸ್ತಕದ ಕೋಣೆಯೊಳಗೆ ಇನ್ನೊಮ್ಮೆ ಕಾಲಿಡಲಿಲ್ಲ. ನಮ್ಮ ತರಗತಿಯೂ ಮತ್ತೆ ನಡೆಯಲಿಲ್ಲ. ಪ್ರತಿ ಶನಿವಾರ ನನ್ನ ಅಡುಗೆಮನೆಯಲ್ಲೇ ನಡೆಸಿ ಎಂದು ನಾನು ಎಷ್ಟೋ ಸಲ ಕೇಳಿದೆ, ಅನುಮತಿ ಇಲ್ಲದವನು ಪಾಠ ಮಾಡಬಾರದು ಎಂದರು.

ಮಡಕೆ ಹೋದ ಆ ಶನಿವಾರ ಪಾಠ ಮುಗಿಸಿ ಟೋಪಿ ತೆಗೆದುಕೊಂಡು ಹೊರಟಾಗ ನಾನು ಅವರನ್ನು ಹೊಸ್ತಿಲಲ್ಲಿ ತಡೆದೆ. ಕೇಳದೆ ಬಿಟ್ಟರೆ ಎದೆ ಒಡೆದುಹೋಗುತ್ತಿತ್ತು.

"ಒಂದು ಮಾತು ಹೇಳಿ ಹೋಗಿ. ಆ ಮನುಷ್ಯ ಮೂವರು ಅಂತ ಬರ್ಕೊಂಡು ಹೋದ. ಡೀನ್‌ಗೆ ಗೊತ್ತಿಲ್ಲ, ಕಚೇರಿಗೆ ಗೊತ್ತಿಲ್ಲ. ನೀವು ಬಾಯಿ ಮುಚ್ಕೊಂಡು ಇದ್ದಿದ್ರೆ ಪಾಠ ಆಗ್ಲಿಲ್ಲ ಅಂತ ಯಾರಿಗೆ ಗೊತ್ತಾಗ್ತಿತ್ತು?"

ಅವರು ನನ್ನ ಮುಖ ನೋಡಿದರು. ಇಷ್ಟು ಸುಲಭದ ಪ್ರಶ್ನೆಯನ್ನು ನಾನು ಯಾಕೆ ಕೇಳುತ್ತಿದ್ದೇನೆ ಎಂದು ಅವರಿಗೆ ಆಶ್ಚರ್ಯವಾದಂತಿತ್ತು.

"ನನ್ನ ವಿದ್ಯಾರ್ಥಿಗಳಿಗೆ ಗೊತ್ತಿತ್ತಲ್ಲ, ಫ್ರೌ ನೇಗೆಲೆ."

ಯಾವ ವಿದ್ಯಾರ್ಥಿಗಳು ಎಂದು ಕೇಳಲು ಬಾಯಿ ತೆರೆದೆ. ಅವರು ತಲೆಬಾಗಿ ಮೆಟ್ಟಿಲು ಹತ್ತಿ ಹೋದರು. ಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಒಳಗೆ ಬಂದೆ. ಸಿಗ್ರುನ್ ತಟ್ಟೆ ಒರೆಸುತ್ತಿದ್ದಳು. ಬೌಷ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ನಾನು ಅವನ ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಿದೆ.

"ಏನ್ರೀ ಬೌಷ್, ನಾಚಿಕೆ ಆಗಲ್ವಾ ನಿಮಗೆ? ಮೇಷ್ಟ್ರು ಪಾಠ ಮಾಡ್ತಿರುವಾಗ ಯಾರಾದ್ರೂ ನಿದ್ದೆ ಮಾಡ್ತಾರಾ?"